ಒಂದು ಚೀಟಿಗೆ ಒಂದೇ ಚರ್ಮ

ನನ್ನ ಅಕ್ಷರವನ್ನು ಓದಬಲ್ಲವರು ಕಾಸರಗೋಡು ಜಿಲ್ಲೆಯ ಈ ಮುಳ್ಳೇರಿಯದಲ್ಲಿ ಇಬ್ಬರೇ: ನನ್ನ ಕ್ಲಿನಿಕ್ಕಿನ ಸಿಸ್ಟರ್ ಮತ್ತು ಕೆಳಗಿನ ಮೆಡಿಕಲ್ ಅಂಗಡಿಯವರು. ಮೂರನೆಯವಳು ನಾನಲ್ಲ. ಚರ್ಮದ ಡಾಕ್ಟರಾಗಿ ಇಲ್ಲಿ ಕೂತು ಇಪ್ಪತ್ತು ವರ್ಷ ದಾಟಿತು. ಈಗಲೂ ಹಳೆಯ ಫೈಲು ತೆಗೆದರೆ ನಾನು ಬರೆದದ್ದನ್ನು ಸಿಸ್ಟರ್ ನನಗೇ ಓದಿ ಹೇಳಬೇಕು. ಪೆನ್ನು ಸರಿ ಇಲ್ಲ ಎಂದು ನಾನು ಗೊಣಗಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವರು ನನ್ನ ಎದುರಿಗೇ ಹೇಳುತ್ತಾರೆ. ನನಗಿಂತ ಐದು ವರ್ಷ ದೊಡ್ಡವರು. ಹಾಗಾಗಿ ಕ್ಲಿನಿಕ್ ನನ್ನದಾದರೂ ಯಜಮಾನಿಕೆ ಅವರದು.

ಎರಡು ವರ್ಷದ ಹಿಂದೆ ನನ್ನ ಬಲ ಮಣಿಕಟ್ಟು ನೋಯಲು ಶುರುವಾಯಿತು. ಬರೆದು ಬರೆದು ಬಂದ ನೋವು. ಕೋಝಿಕ್ಕೋಡಿನಲ್ಲಿರುವ ನನ್ನ ಸಹಪಾಠಿಯೊಬ್ಬಳಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವಳು ನಕ್ಕಳು. "ಈಗಲೂ ಕೈಯಲ್ಲಿ ಬರೀತೀಯಾ?" ಎಂದು ಕೇಳಿ ಒಂದು ಆ್ಯಪ್ ಕಳಿಸಿದಳು. ಫೋನನ್ನು ಮೇಜಿನ ಮೇಲೆ ಇಟ್ಟರೆ ಸಾಕಂತೆ. ರೋಗಿಯೂ ನಾವೂ ಮಾತನಾಡುವುದನ್ನು ಕೇಳಿಸಿಕೊಂಡು ಅದೇ ಟಿಪ್ಪಣಿ ಬರೆಯುತ್ತದಂತೆ: ತೊಂದರೆ ಏನು, ಎಷ್ಟು ದಿನದಿಂದ, ಪರೀಕ್ಷೆಯಲ್ಲಿ ಏನು ಕಂಡಿತು, ಮದ್ದು ಯಾವುದು. ಕೊನೆಗೆ ನಾವು ಓದಿ, ತಿದ್ದಿ, ಒಪ್ಪಿಗೆ ಒತ್ತಿದರೆ ಅದು ಫೈಲಿಗೆ ಸೇರುತ್ತದೆ. ಇಷ್ಟು ಸುಖ ಭೂಮಿಯ ಮೇಲೆ ಉಂಟೆಂದು ನನಗೆ ಗೊತ್ತೇ ಇರಲಿಲ್ಲ.

ಮೊದಲ ದಿನ ಹದಿನೆಂಟು ಜನರನ್ನು ನೋಡಿದೆ. ಮಧ್ಯಾಹ್ನ ಊಟ ಮುಗಿಸಿ ಟಿಪ್ಪಣಿ ತೆರೆದರೆ ಹದಿನೆಂಟರಲ್ಲೂ ಪರೀಕ್ಷೆಯ ಕಾಲಂ ಖಾಲಿ. ಯಂತ್ರದ ಲೆಕ್ಕದಲ್ಲಿ ನಾನು ಅಂದು ಒಬ್ಬರನ್ನೂ ನೋಡಿರಲಿಲ್ಲ. ಯೋಚಿಸಿ ನೋಡಿದಾಗ ತಪ್ಪು ಅದರದ್ದಲ್ಲ ಎಂದು ಗೊತ್ತಾಯಿತು. ಚರ್ಮದ ಡಾಕ್ಟರ ಕೆಲಸವೆಲ್ಲ ಕಣ್ಣಿನದು. ರೋಗಿ ಅಂಗಿ ಎತ್ತುತ್ತಾನೆ, ನಾನು ಬಗ್ಗಿ ನೋಡುತ್ತೇನೆ, "ಹೂಂ" ಅನ್ನುತ್ತೇನೆ, ಬರೆಯುತ್ತೇನೆ. ಇಪ್ಪತ್ತು ವರ್ಷದಿಂದ ನಡೆದದ್ದು ಇಷ್ಟೇ. ನನ್ನ "ಹೂಂ"ನಿಂದ ಯಂತ್ರ ಏನನ್ನು ತಾನೇ ಬರೆಯಬೇಕು?

ಹಾಗಾಗಿ ಈ ವಯಸ್ಸಿನಲ್ಲಿ ಬಾಯಿ ಬಿಡಲು ಕಲಿತೆ. ಕಂಡದ್ದನ್ನು ಕಂಡ ಹಾಗೆ ಗಟ್ಟಿಯಾಗಿ ಹೇಳತೊಡಗಿದೆ. ಮೊದಮೊದಲು ಗೋಡೆಗೆ ಪಾಠ ಒಪ್ಪಿಸುವವಳಂತೆ ನಾಚಿಕೆಯಾಗುತ್ತಿತ್ತು. "ಬೆನ್ನಿನ ಎಡಭಾಗ, ಭುಜದ ಎಲುಬಿನ ಕೆಳಗೆ, ಐದು ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಕಲೆ, ಅಂಚು ಸ್ವಲ್ಪ ಎದ್ದಿದೆ, ನಡುವೆ ಗುಣವಾಗುತ್ತಾ ಬಂದಿದೆ." ಇದನ್ನು ಕೇಳಿದ ಅಡಿಕೆ ತೋಟದ ಹಿರಿಯರೊಬ್ಬರು ಅಂಗಿ ಹಾಕಿಕೊಳ್ಳದೆ ಹಾಗೇ ನಿಂತರು.

"ಇನ್ನೊಂದು ಸಲ ಹೇಳಿ ಡಾಕ್ಟ್ರೇ," ಎಂದರು. "ನನ್ನ ಬೆನ್ನಲ್ಲಿ ಎಂತ ಉಂಟು ಅಂತ ನನಗೆ ಇವತ್ತೇ ಗೊತ್ತಾದದ್ದು. ನಮ್ಮವಳು ಕೇಳಿದ್ರೆ, ಎಂತದೋ ಉಂಟು ಅಂತ ಮಾತ್ರ ಹೇಳ್ತಾಳೆ."

ನಾನು ಇನ್ನೊಂದು ಸಲ ಹೇಳಿದೆ. ಯಂತ್ರ ಎರಡು ಸಲ ಬರೆಯಿತು. ಅವರು ಖುಷಿಯಾಗಿ ಹೋದರು. ಜನರು ಇಷ್ಟು ವರ್ಷ ತಮ್ಮ ಮೈಯ ಸುದ್ದಿಯನ್ನು ನನ್ನ ಬಾಯಿಂದ ಕೇಳಲು ಕಾಯುತ್ತಿದ್ದರು ಎಂಬುದು ಆಗ ನನಗೆ ಹೊಳೆಯಿತು. ಅಷ್ಟರವರೆಗೆ ಊರಿನಲ್ಲಿ ನನಗೆ ಬಾಯಿಲ್ಲದ ಡಾಕ್ಟ್ರು ಎಂಬ ಹೆಸರಿತ್ತಂತೆ. ಸಿಸ್ಟರ್‌ಗೆ ಗೊತ್ತಿತ್ತು, ಹೇಳಿರಲಿಲ್ಲ.

ಯಂತ್ರ ಕೇಳಿಸಿಕೊಳ್ಳುವುದಕ್ಕೆ ರೋಗಿಯ ಒಪ್ಪಿಗೆ ಬೇಕು. ಅದನ್ನು ಕೇಳುವ ಕೆಲಸ ಸಿಸ್ಟರದ್ದು. "ಇದು ನೀವು ಹೇಳುದನ್ನು ಕೇಳಿ ಬರೀತದೆ, ಆಗಬಹುದಾ?" ಎಂದು ಅವರು ಕೇಳಿದರೆ ಬರುವ ಉತ್ತರಗಳೇ ಒಂದು ತಮಾಷೆ. ಕೆಲವರು ಫೋನಿಗೆ ಕೈಮುಗಿಯುತ್ತಾರೆ. ಕೆಲವರು ಅದರ ಹತ್ತಿರ ಬಗ್ಗಿ, ಪಂಚಾಯತಿಗೆ ಅರ್ಜಿ ಕೊಡುವವರಂತೆ ಮನೆಹೆಸರು, ವಾರ್ಡ್ ನಂಬ್ರ, ರೇಷನ್ ಕಾರ್ಡಿನ ಬಣ್ಣ ಎಲ್ಲ ಹೇಳುತ್ತಾರೆ. ಬೇಡ ಅಂದವರು ಇಬ್ಬರೋ ಮೂವರೋ. ಅವರದನ್ನು ಇಂದಿಗೂ ಕೈಯಲ್ಲೇ ಬರೆಯುತ್ತೇನೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರನ್ನೂ ಯಂತ್ರ ಚೆನ್ನಾಗಿ ಹಿಡಿಯುತ್ತದೆ. ತುಳುವಿಗೆ ಮಾತ್ರ ಸುಮ್ಮನೆ ಕೂರುತ್ತದೆ. ಆದ್ದರಿಂದ ತುಳುವಿನಲ್ಲಿ ಹೇಳಿದವರ ಮಾತನ್ನು ನಾನು ಕನ್ನಡದಲ್ಲಿ ಮತ್ತೆ ಹೇಳಿ, "ಹೌದಲ್ಲಾ?" ಎಂದು ಕೇಳಬೇಕು. ಡಾಕ್ಟರು ನಮ್ಮ ಮಾತನ್ನು ಕೇಳಿದ್ದು ಮಾತ್ರವಲ್ಲ, ತಿರುಗಿ ಹೇಳಿದರು ಎಂದು ಅದಕ್ಕೂ ಖುಷಿ. ಆ ದಿನಗಳಲ್ಲಿ ನನಗೆ ಕ್ಲಿನಿಕ್ಕಿಗೆ ಹೋಗುವುದೆಂದರೆ ಹಬ್ಬಕ್ಕೆ ಹೋದಂತೆ ಇರುತ್ತಿತ್ತು.

ಹಬ್ಬಕ್ಕೆ ಕಲ್ಲು ಹಾಕಿದವರು ಜೊತೆಗೆ ಬಂದವರು.

ನಮ್ಮ ಕಡೆ ಚರ್ಮದ ಡಾಕ್ಟರ ಹತ್ತಿರ ಯಾರೂ ಒಬ್ಬರೇ ಬರುವುದಿಲ್ಲ, ಸ್ವಂತ ಊರಿನಲ್ಲಂತೂ ತೋರಿಸುವುದೇ ಇಲ್ಲ. ಬೋವಿಕಾನದವರು ಮುಳ್ಳೇರಿಯಕ್ಕೆ ಬರುತ್ತಾರೆ, ಮುಳ್ಳೇರಿಯದವರು ಕಾಸರಗೋಡಿಗೆ ಹೋಗುತ್ತಾರೆ. ನನ್ನ ತವರು ಮೀಂಜದವರು ಗಡಿ ದಾಟಿ ಮಂಗಳೂರಿಗೇ ಹೋಗುತ್ತಾರೆ. ಊರಿನ ಹುಡುಗಿ ಇಲ್ಲಿ ಡಾಕ್ಟರಾಗಿದ್ದಾಳೆ ಎಂಬ ದಾಕ್ಷಿಣ್ಯವೇ ಇಲ್ಲ. ಬಸ್ಸಿನ ಚಾರ್ಜು ಕೊಟ್ಟು ಬಂದ ಮೇಲೆ ಒಬ್ಬರ ಚೀಟಿಯಲ್ಲಿ ಮನೆಯವರೆಲ್ಲ ಒಳಗೆ ಬರುತ್ತಾರೆ. ಚೀಟಿಯವರ ಕೆಲಸ ಮುಗಿದು ಏಳುವ ಹೊತ್ತಿಗೆ ಜೊತೆಗೆ ಬಂದವರು ಮುಂಗೈಯನ್ನೋ ಕಾಲಿನ ಬೆರಳನ್ನೋ ಮುಂದೆ ಮಾಡಿ, "ಹೇಗೂ ಬಂದದ್ದಲ್ಲಾ ಡಾಕ್ಟ್ರೇ, ಇದೊಂದು ನೋಡಿ," ಅನ್ನುತ್ತಾರೆ. ಇಪ್ಪತ್ತು ವರ್ಷವೂ ನೋಡಿದ್ದೇನೆ. ಬೈದುಕೊಂಡೇ ನೋಡಿದ್ದೇನೆ.

ಯಂತ್ರಕ್ಕೆ ಈ ಪದ್ಧತಿ ಹೇಗೆ ಗೊತ್ತಾಗಬೇಕು? ಕೋಣೆಯಲ್ಲಿ ಯಾರು ಹೇಳಿದ್ದನ್ನೂ ಚೀಟಿಯವರ ಹೆಸರಿಗೇ ಹಾಕುತ್ತಿತ್ತು. ಎಂಟು ವರ್ಷದ ಒಬ್ಬ ಹುಡುಗನಿಗೆ ತಲೆಯಲ್ಲಿ ಹುಣ್ಣಾಗಿತ್ತು. ಟಿಪ್ಪಣಿಯ ಪ್ರಕಾರ ಅವನಿಗೆ ಗಡ್ಡ ಬೋಳಿಸಿದ ಮೇಲೆ ಗುಳ್ಳೆ ಏಳುತ್ತದೆ, ದಿನಕ್ಕೆ ಒಂದು ಕಟ್ಟು ಬೀಡಿ ಬೇಕು, ಹೆಂಡತಿಗೂ ತುರಿಕೆ ಇದೆ. ಮೊಡವೆಗೆ ಬಂದ ಕಾಲೇಜು ಹುಡುಗಿಗೆ ಎರಡು ಹೆರಿಗೆ ಆಗಿತ್ತು. ಸಿಸ್ಟರ್ ಅದನ್ನು ಓದಿ ಕುರ್ಚಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವುದಕ್ಕೇನೋ ಚೆನ್ನ. ಆದರೆ ದಿನಾ ಮಧ್ಯಾಹ್ನ ಕೂತು, ಅನ್ನದಿಂದ ಕಲ್ಲು ಆರಿಸಿದ ಹಾಗೆ ಜೊತೆಯವರ ಸಾಲುಗಳನ್ನು ಒಂದೊಂದಾಗಿ ಅಳಿಸಬೇಕಾದವಳು ನಾನು. ಮಣಿಕಟ್ಟಿನ ನೋವು ಹೋಗಿ ಹೆಬ್ಬೆರಳಿಗೆ ಬಂತು.

ನನ್ನ ಸಿಟ್ಟು ಎಲ್ಲರಿಗೂ ಗೊತ್ತಿರುವಂಥದ್ದೇ. ಒಂದು ದಿನ ಅದು ನೆತ್ತಿಗೇರಿ, ಬೋರ್ಡು ಬರೆಸಿ ಬಾಗಿಲಿನ ಮೇಲೆ ಹೊಡೆಸಿದೆ. ಕನ್ನಡ, ಮಲಯಾಳ ಎರಡರಲ್ಲೂ, ದಪ್ಪ ಅಕ್ಷರದಲ್ಲಿ: ಒಂದು ಚೀಟಿಗೆ ಒಬ್ಬರೇ. ಜೊತೆಗೆ ಬಂದವರ ತೊಂದರೆಯನ್ನು ನೋಡುವುದಿಲ್ಲ.

"ಇದು ಬೇಡ ಇತ್ತು," ಎಂದರು ಸಿಸ್ಟರ್.

"ಯಂತ್ರಕ್ಕೆ ಕಷ್ಟ ಆಗ್ತದೆ," ಎಂದೆ.

"ಯಂತ್ರ ನಮಗಾ, ನಾವು ಯಂತ್ರಕ್ಕಾ?" ಎಂದು ಅವರು ಹೊರಗೆ ಹೋದರು. ಬೋರ್ಡು ಹಾಕಿದ ಮೇಲೆ ಟಿಪ್ಪಣಿಗಳು ತೊಳೆದಿಟ್ಟ ತಟ್ಟೆಯ ಹಾಗಾದವು. ನಾನು ಗೆದ್ದೆನೆಂದುಕೊಂಡೆ.

ಒಂದು ತಿಂಗಳು ಕಳೆದಿರಬಹುದು. ಬೋವಿಕಾನದ ಕಡೆಯಿಂದ ಅತ್ತೆ, ಸೊಸೆ ಬಂದರು. ಸೊಸೆಯ ಮಡಿಲಲ್ಲಿ ಐದು ತಿಂಗಳ ಗಂಡು ಮಗು. ಚೀಟಿ ಸೊಸೆಯದು, ಮಾತೆಲ್ಲ ಅತ್ತೆಯದು. ಮನೆಯಲ್ಲಿ ತುಳು ಆಡುವವರಾದರೂ ಡಾಕ್ಟರ ಮುಂದೆ ಕನ್ನಡವೇ ಮರ್ಯಾದೆ ಎಂದು ನಂಬಿದವರು.

"ಇವಳದ್ದು ಕೂದಲು ಉದುರ್ತದೆ ಡಾಕ್ಟ್ರೇ. ಬಾಚಣಿಗೆಗೆ ಒಂದು ಮುಷ್ಟಿ ಬರ್ತದೆ. ಅನ್ನಕ್ಕೂ ಬೀಳ್ತದೆ, ಸಾರಿಗೂ ಬೀಳ್ತದೆ."

ಹೆರಿಗೆಯಾಗಿ ನಾಲ್ಕೈದು ತಿಂಗಳಿಗೆ ಕೂದಲು ಉದುರುವುದು ಸಹಜ, ತಾನಾಗಿ ಬರುತ್ತದೆ ಎಂದು ಸೊಸೆಯ ತಲೆ ನೋಡಿ, ನೋಡಿದ್ದನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಅವಳು ತಲೆ ಆಡಿಸಿದಳು. ಅವಳ ಕಣ್ಣು ನನ್ನ ಮೇಲೆ ಇರಲೇ ಇಲ್ಲ. ಬಾಗಿಲ ಮೇಲಿನ ಬೋರ್ಡನ್ನು ನೋಡುತ್ತಿದ್ದಳು, ಅತ್ತೆಯನ್ನು ನೋಡುತ್ತಿದ್ದಳು.

"ಬಾಣಂತನ ಸಮಾ ಆಗ್ಲಿಲ್ಲ ಅಂತ ಮಾತ್ರ ಹೇಳ್ಬೇಡಿ," ಎಂದರು ಅತ್ತೆ. "ನಾನೇ ಮಾಡಿದ್ದು. ನಮ್ಮ ಸುತ್ತಿನಲ್ಲಿ ಎಷ್ಟು ಮಕ್ಕಳನ್ನು ಮೀಯಿಸಿದ ಕೈ ಇದು ಗೊತ್ತುಂಟಾ? ಎಲ್ಲಿ ಹೆರಿಗೆ ಆದ್ರೂ ನನಗೇ ಹೇಳಿ ಕಳಿಸ್ತಾರೆ. ಇವಳಿಗೆ ಸ್ವಲ್ಪ ಬಿಸಿನೀರು ತಾಗಿದ್ರೆ ಹಾರಿ ಬೀಳ್ತಾಳೆ. ನನ್ನದು ನೋಡಿ, ಹಂಡೆಯ ಕುದಿಯುವ ನೀರಿಗೆ ಅದ್ದಿದ್ರೂ ಎಂತ ಇಲ್ಲ. ಆರು ತಿಂಗಳಿಂದ ಅಂತೂ ಬಿಸಿ ಅಂದ್ರೆ ಎಂತ ಅಂತಲೇ ಈ ಕೈಗೆ ಗೊತ್ತಾಗುದಿಲ್ಲ. ಅಷ್ಟು ಪಳಗಿದೆ."

"ಹಾಗಾದ್ರೆ ಆ ಕೈಗೆ ಒಂದು ಸರ್ಟಿಫಿಕೇಟ್ ಬರ್ದು ಕೊಡ್ತೇನೆ," ಎಂದೆ ನಾನು. ಅತ್ತೆ ನಕ್ಕರು, ಸಿಸ್ಟರ್ ನಕ್ಕರು, ನನ್ನ ಹಾಸ್ಯಕ್ಕೆ ನಾನೂ ನಕ್ಕೆ.

ಸೊಸೆ ನಗಲಿಲ್ಲ. ಏಳುವಾಗ, "ಅತ್ತೆ, ಅದೊಂದು..." ಎಂದು ಏನೋ ಹೇಳಹೊರಟಳು. ಅತ್ತೆ ಬೋರ್ಡಿನ ಕಡೆ ಗಲ್ಲ ಎತ್ತಿ ತೋರಿಸಿದರು. "ಓದ್ಲಿಕ್ಕೆ ಬರುದಿಲ್ವಾ ನಿನಗೆ? ಒಂದು ಚೀಟಿಗೆ ಒಬ್ಬರೇ." ನನ್ನ ಬೋರ್ಡಿಗೆ ಇಷ್ಟು ಮರ್ಯಾದೆ ಕೊಟ್ಟವರು ಅವರೊಬ್ಬರೇ ಎಂದು ನನಗೆ ಅವರ ಮೇಲೆ ಗೌರವ ಬಂತು.

ಮಧ್ಯಾಹ್ನ ಎಂದಿನಂತೆ ಚಹಾ ಇಟ್ಟುಕೊಂಡು ಟಿಪ್ಪಣಿಗಳನ್ನು ತೆರೆದೆ. ಸೊಸೆಯ ಟಿಪ್ಪಣಿಯಲ್ಲಿ ಕೂದಲಿನ ವಿಷಯ ಅಚ್ಚುಕಟ್ಟಾಗಿತ್ತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಇನ್ನೊಂದು ಸಾಲು. ಅರ್ಥ ಇಷ್ಟು: ರೋಗಿಗೆ ಆರು ತಿಂಗಳಿಂದ ಕೈಯಲ್ಲಿ ಬಿಸಿಯ ಅರಿವಿಲ್ಲ. ಅತ್ತೆಯ ಜಂಬ ಇಲ್ಲಿಗೂ ಬಂತಲ್ಲಾ ಎಂದು ನಗುತ್ತಾ ಅಳಿಸಿದೆ. ಅಳಿಸಿ, ಮುಂದಿನ ಟಿಪ್ಪಣಿಗೆ ಹೋಗಿ, ಚಹಾ ಗುಟುಕರಿಸಿದೆ. ಬಿಸಿ ನಾಲಿಗೆಗೆ ತಾಗಿತು. ಲೋಟವನ್ನು ಕೆಳಗಿಟ್ಟೆ.

ಬಿಸಿ ತಣ್ಣಗೆ ಗೊತ್ತಾಗ್ತದಾ ಎಂಬ ಪ್ರಶ್ನೆಯನ್ನು ನಾನು ಈ ಮೇಜಿನಲ್ಲಿ ಎಷ್ಟು ಸಾವಿರ ಸಲ ಕೇಳಿದ್ದೇನೋ. ಮೈಮೇಲೆ ಒಂದು ಮಾಸಲು ಕಲೆ ಕಂಡರೆ ಸಾಕು, ಮೊದಲು ಕೇಳುವುದೇ ಅದು. ಇವತ್ತು ನಾನು ಕೇಳದೆಯೇ ಉತ್ತರ ಬಂದು ಎದುರಿಗೆ ಕೂತಿತ್ತು. ನಾನು ಸರ್ಟಿಫಿಕೇಟ್ ಕೊಡಲು ಹೋದೆ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಅದು ನಾನೇ. ಹಾಸ್ಯ ಗೊತ್ತಿಲ್ಲದ ಯಂತ್ರ ಒಂದು ಜಂಬದ ಮಾತನ್ನು ಕಾಯಿಲೆಯ ಲಕ್ಷಣವಾಗಿ ಬರೆದಿತ್ತು, ಅದೇ ಸರಿ ಇತ್ತು. ನನಗೆ ಅಷ್ಟು ನಾಚಿಕೆಯಾದದ್ದು ಇಡೀ ವೃತ್ತಿಯಲ್ಲಿ ಅದೊಂದೇ ಸಲ. ಅಳಿಸಿದ ಸಾಲನ್ನು ವಾಪಸು ತಂದು, ಸಿಸ್ಟರ್‌ನ ಪುಸ್ತಕದಿಂದ ಸೊಸೆಯ ನಂಬ್ರ ತೆಗೆದು ಫೋನ್ ಮಾಡಿದೆ.

ಅಷ್ಟು ಹೊತ್ತು ಬಾಯಿ ಬಿಡದಿದ್ದ ಸೊಸೆ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಬಹುಶಃ ಬಚ್ಚಲಿನ ಹಿಂದೆ ಎಲ್ಲೋ ನಿಂತು ಮಾತಾಡುತ್ತಿದ್ದಳು, ದನಿ ಅಷ್ಟು ಸಣ್ಣಗಿತ್ತು.

"ಡಾಕ್ಟ್ರೇ, ಕೂದಲಿಗಾಗಿ ನಾನು ಬಂದದ್ದಲ್ಲ. ಅತ್ತೆಯನ್ನು ಕರ್ಕೊಂಡು ಬರ್ಲಿಕ್ಕೆ ಅಂತಲೇ ಬಂದದ್ದು. ನಿಮ್ಮಲ್ಲಿ ಜೊತೆಗೆ ಬಂದವರನ್ನೂ ನೋಡ್ತಾರೆ ಅಂತ ಎಲ್ಲರೂ ಹೇಳ್ತಿದ್ರು. ಅವರಾಗಿಯೇ ಕೈ ತೋರಿಸ್ತಾರೆ ಅಂತ ನಾನು ಎಣಿಸಿದ್ದು. ಬೋರ್ಡು ಉಂಟು ಅಂತ ನನಗೆ ಗೊತ್ತಿರ್ಲಿಲ್ಲ."

ಅತ್ತೆಯ ಕೈಗೆ ಏನಾಗಿದೆ ಎಂದು ಕೇಳಿದೆ.

ಮಗುವನ್ನು ದಿನಾ ಬೆಳಿಗ್ಗೆ ಮೀಯಿಸುವವರು ಅತ್ತೆ. ಎಣ್ಣೆ ಹಚ್ಚಿ, ಕಾಲು ನೀಡಿ ಕೂತು, ಮೊಣಕಾಲಿನ ಕೆಳಗೆ ಮಗುವನ್ನು ಮಲಗಿಸಿಕೊಂಡು, ಬಲಗೈಯ ಕಿರುಬೆರಳ ಕಡೆಯ ಅಂಚನ್ನು ನೀರಿಗೆ ಅದ್ದಿ ಹದ ನೋಡಿ ಹೊಯ್ಯುತ್ತಾರೆ. ಊರಿನ ಎಷ್ಟೋ ಮಕ್ಕಳಿಗೆ ಹದ ನೋಡಿದ ಅಂಚು ಅದು. ಒಂದು ದಿನ ಮಗು ಎಂದಿಲ್ಲದ ಹಾಗೆ ಚೀರಿತು, ಮೈ ಕೆಂಪಗಾಗಿತ್ತು. ಸೊಸೆ ತಂಬಿಗೆಗೆ ಬೆರಳು ಹಾಕಿ ನೋಡಿದರೆ ಇಟ್ಟುಕೊಳ್ಳಲಾಗದಷ್ಟು ಬಿಸಿ. ಅತ್ತೆಯ ಕಿರುಬೆರಳಿನಲ್ಲಿ ಸುಟ್ಟ ಬೊಕ್ಕೆ ಇತ್ತು, ಅವರಿಗೆ ಅದರ ಪರಿವೆಯೇ ಇರಲಿಲ್ಲ. ಅಂದಿನಿಂದ ಅತ್ತೆ ಬಟ್ಟೆ ತರಲು ಒಳಗೆ ಹೋದಾಗಲೆಲ್ಲ ಸೊಸೆ ಓಡಿಬಂದು ಎರಡು ತಂಬಿಗೆ ತಣ್ಣೀರು ಸುರಿದು ಹೋಗುತ್ತಾಳೆ.

"ಒಂದು ದಿನ ನನಗೆ ತಪ್ಪಿದ್ರೆ?" ಎಂದಳು. "ಹೇಳುವ ಅಂದ್ರೆ, ನನ್ನ ಕೈಯನ್ನೇ ಸಂಶಯ ಮಾಡ್ತೀಯಾ ಅಂತ ಕೇಳ್ತಾರೆ. ಅವರಿಗೆ ಆ ಕೈ ಅಂದ್ರೆ ಎಂತ ಅಂತ ನಿಮಗೆ ಗೊತ್ತಿಲ್ಲ ಡಾಕ್ಟ್ರೇ."

ನನಗೆ ಗೊತ್ತಾಗಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಾವಿಬ್ಬರೂ ಸೇರಿ ಒಂದು ಉಪಾಯ ಮಾಡಿದೆವು: ಸೊಸೆಯ ಕೂದಲಿಗೆ ಮದ್ದಿಗಿಂತ ಊಟ ಮುಖ್ಯ, ಮನೆಯಲ್ಲಿ ಅಡುಗೆ ಯಾರದ್ದೋ ಅವರೇ ಬಂದು ಡಾಕ್ಟರ ಹತ್ತಿರ ಮಾತಾಡಬೇಕು. ಫೋನು ಇಟ್ಟು, ಬೋರ್ಡು ತೆಗೆಯಬೇಕು ಎಂದು ಸಿಸ್ಟರ್‌ಗೆ ಹೇಳಿದೆ. ಆಗಲೇ ಹೇಳಿದ್ದೆ ಎನ್ನುವ ಮಾತು ಅವರ ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡು ಸ್ಟೂಲು ತಂದುಕೊಟ್ಟರು. ಮೊಳೆ ಕಿತ್ತದ್ದು ನಾನೇ.

ಎರಡು ದಿನ ಬಿಟ್ಟು ಸೊಸೆ, ಮಗುವಿನ ಜೊತೆ ಅತ್ತೆ ಬಂದರು. ಬಸಳೆ, ನುಗ್ಗೆಸೊಪ್ಪು, ಹುರುಳಿ ಸಾರು ಎಂದು ಪಟ್ಟಿಯನ್ನೇ ಹಿಡಿದುಕೊಂಡು ಬಂದಿದ್ದರು. ಎಲ್ಲವನ್ನೂ ಕೇಳಿ, ಹೊಗಳಿ, "ಆ ಪಳಗಿದ ಕೈಯನ್ನು ಮೊನ್ನೆ ನಾನು ಸರಿಯಾಗಿ ನೋಡ್ಲೇ ಇಲ್ಲ," ಎಂದು ಕೈ ಚಾಚಿದೆ. ಅವರು ಬಾಗಿಲಿನ ಮೇಲೆ ನೋಡಿದರು. ಅಲ್ಲಿ ಮೊಳೆಯ ತೂತು ಮಾತ್ರ ಇತ್ತು. ಕೈ ಕೊಟ್ಟರು.

ಸಿಸ್ಟರ್ ಎರಡು ಗಾಜಿನ ನಳಿಗೆ ತಂದರು, ಒಂದರಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು. ಅತ್ತೆ ಕಣ್ಣು ಮುಚ್ಚಿಕೊಂಡರು. ಹೆಬ್ಬೆರಳು, ತೋರುಬೆರಳಿಗೆ ಮುಟ್ಟಿಸಿದಾಗ ಪಟಪಟನೆ ಸರಿಯಾಗಿ ಹೇಳಿದರು. ಕಿರುಬೆರಳಿಗೆ, ಅದರ ಕೆಳಗಿನ ಅಂಚಿಗೆ ಬಂದಾಗ ತಡೆದರು.

"ಎರಡೂ ಒಂದೇ," ಎಂದರು. ಇನ್ನೊಮ್ಮೆ ಮುಟ್ಟಿಸಿದಾಗ, "ಮುಟ್ಟಿದ್ರಾ?" ಎಂದು ಕೇಳಿದರು.

ಮುಂಗೈ ಮೇಲೆ ಬಳೆಗಳನ್ನು ಸರಿಸಿದಾಗ ಕಾಣುವ ಜಾಗದಲ್ಲಿ ಮಾಸಲು ಬಣ್ಣದ ಒಂದು ಕಲೆ ಇತ್ತು. ಮೊಣಕೈಯ ಹಿಂದಿನ ನರ ದಾರದಷ್ಟಿರಬೇಕಾದದ್ದು ಬಾವಿಹಗ್ಗದ ಹಾಗೆ ಕೈಗೆ ಸಿಕ್ಕಿತು. ಬಾಯಿ ಬಿಡಲು ಕಲಿತವಳು ಆವತ್ತು ಕಂಡದ್ದನ್ನು ಗಟ್ಟಿಯಾಗಿ ಹೇಳಲಿಲ್ಲ. ಫೋನನ್ನು ಮೊದಲೇ ಆರಿಸಿ ಡ್ರಾಯರಿಗೆ ಹಾಕಿದ್ದೆ. ಅವರ ಹೆಸರಿಗೆ ಬೇರೆ ಚೀಟಿ ಮಾಡಿಸಿ ಎಲ್ಲವನ್ನೂ ಕೈಯಲ್ಲೇ ಬರೆದೆ. ಆ ಇಬ್ಬರನ್ನು ಬಿಟ್ಟರೆ ಇಡೀ ಜಿಲ್ಲೆಯಲ್ಲಿ ಅದನ್ನು ಯಾರೂ ಓದಲಾರರು. ನನ್ನ ಅಕ್ಷರದಿಂದ ಒಬ್ಬರಿಗೆ ಉಪಕಾರವಾದದ್ದು ಅದೇ ಮೊದಲು.

ಕಾಯಿಲೆಯ ಹೆಸರನ್ನು ಒಮ್ಮೆ ಹೇಳಲೇಬೇಕು, ಹೇಳಿದೆ. ಕುಷ್ಠ ಎಂಬ ಶಬ್ದಕ್ಕೆ ಮದ್ದಿಗಿಂತ ಹೆಚ್ಚು ವಯಸ್ಸಾಗಿದೆ, ಅದೇ ಅದರ ಕಷ್ಟ. ಕೂಡಲೇ ಉಳಿದದ್ದನ್ನೂ ಹೇಳಿದೆ: ಇದು ಪೂರ್ತಿ ಗುಣವಾಗುತ್ತದೆ, ಮಾತ್ರೆ ಸರಕಾರದಿಂದ ಉಚಿತ, ಶುರು ಮಾಡಿದ ಮೇಲೆ ಯಾರಿಗೂ ಹರಡುವುದಿಲ್ಲ, ಮೂತ್ರ ಕೆಂಪಾದರೆ ಹೆದರಬಾರದು, ನರದ ಊತಕ್ಕೆ ಬೇರೆ ಮದ್ದು ಕೊಡುತ್ತೇನೆ, ಹೆಚ್ಚು ತಡವಾಗುವ ಮೊದಲೇ ಬಂದದ್ದರಿಂದ ಸ್ಪರ್ಶ ವಾಪಸು ಬರುವ ಆಸೆ ಇದೆ. ಬಂದೇ ಬರುತ್ತದೆ ಎಂದು ಮಾತು ಕೊಡಲಿಲ್ಲ. ಕೊಡಬೇಕೆಂದು ತುಂಬಾ ಅನಿಸಿತ್ತು.

ಅಷ್ಟು ಮಾತುಗಾರ್ತಿ ಅತ್ತೆ ಒಂದೇ ಪ್ರಶ್ನೆ ಕೇಳಿದರು. "ಮಗುವನ್ನು ಮೀಯಿಸಬಹುದಾ?"

"ಮದ್ದು ಶುರು ಮಾಡಿ ಧಾರಾಳ ಮೀಯಿಸಿ," ಎಂದೆ. "ಆದ್ರೆ ನೀರು ನಿಮ್ಮ ಸೊಸೆ ನೋಡ್ಬೇಕು."

ಅವರು ಸೊಸೆಯ ಕಡೆ ತಿರುಗಿದರು. ಆಗ ಸೊಸೆ ತಣ್ಣೀರಿನ ವಿಷಯವನ್ನು ತಾನೇ ಹೇಳಿಬಿಟ್ಟಳು, ಹೇಳಿ ಅತ್ತಳು. ಬೈಗುಳ ಬೀಳುತ್ತದೆ ಎಂದು ನಾನೂ ಸಿಸ್ಟರೂ ಕಾದೆವು. ಅತ್ತೆ ತಮ್ಮ ಕಿರುಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಮಗುವಿನ ಕಾಲಿನ ಗೆಜ್ಜೆಯನ್ನು ಸರಿಮಾಡಿ, "ಹಾಗಾದ್ರೆ ಇನ್ನು ನೀರು ನೀನೇ ನೋಡು," ಎಂದರು. ಆ ದಿನವೇ ಸೊಸೆಯನ್ನು, ಮಗುವನ್ನು ನೋಡಿದೆ, ಮರುದಿನ ಅತ್ತೆಯ ಮಗನನ್ನೂ ಕರೆಸಿ ನೋಡಿದೆ. ಯಾರಿಗೂ ಏನೂ ಇರಲಿಲ್ಲ.

ಆಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಜೊತೆಗೆ ಬಂದವರ ಸಾಲುಗಳನ್ನು ಈಗ ಓದದೆ ಅಳಿಸುವುದಿಲ್ಲ. ಬೇಕಾದದ್ದನ್ನು ಅವರ ಹೆಸರಿನಲ್ಲಿ ಬೇರೆ ಚೀಟಿ ಮಾಡಿ ಅಲ್ಲಿಗೆ ಹಾಕುತ್ತೇನೆ. ನಾನೇ ಮುಂದಾಗಿ, "ನಿಮ್ಮದೆಂತ ಉಂಟು?" ಎಂದು ಕೇಳುವಷ್ಟು ಕೆಟ್ಟುಹೋಗಿದ್ದೇನೆ. ಕ್ಲಿನಿಕ್ ಮುಗಿಯುವಾಗ ಎರಡು ಗಂಟೆ ಆಗುತ್ತದೆ. ಹಸಿವಿಗೆ ಸಿಡುಕುತ್ತೇನೆ, ಸಿಸ್ಟರ್ ಬಾಳೆಹಣ್ಣು ತಂದಿಡುತ್ತಾರೆ.

ಅತ್ತೆ ಸೊಸೆ ತಿಂಗಳಿಗೊಮ್ಮೆ ತಪ್ಪದೆ ಬಂದರು, ಇಬ್ಬರ ಹೆಸರಿನಲ್ಲೂ ಚೀಟಿ ಮಾಡಿಸಿಕೊಂಡು. ಯಂತ್ರ ಬರೆದ ಆ ಸಾಲಿನ ಕಥೆಯನ್ನು ನಾನು ಅವರಿಗೆ ಹೇಳಿದ್ದೆ. ಮೂರನೆಯ ಸಲ ಅತ್ತೆಯೇ ಫೋನಿಟ್ಟ ಡ್ರಾಯರನ್ನು ತೋರಿಸಿ, "ಅದನ್ನು ಹೊರಗೆ ಇಡಿ ಡಾಕ್ಟ್ರೇ. ನನ್ನ ಕೈಯ ಸುದ್ದಿ ಮೊದಲು ಗೊತ್ತು ಮಾಡಿದ್ದು ಅದೇ ಅಲ್ವಾ, ಅದಕ್ಕೆ ಎಂತ ನಾಚಿಕೆ?" ಎಂದರು. ಸೊಸೆಯ ಕೂದಲು ಹೊಸದಾಗಿ ಹುಟ್ಟಿ ಹಣೆಯ ಸುತ್ತ ಹುಲ್ಲಿನಂತೆ ನಿಂತಿತು. ಅವಳಿಗೆ ಬಾಯಿಯೂ ಬಂದಿತ್ತು. ಮನೆಯಲ್ಲಿ ನೀರಿನ ಹದ ಅವಳದ್ದು, ಮೊಣಕೈ ಅದ್ದಿ ನೋಡುತ್ತಾಳೆ, ಮೀಯಿಸುವುದು ಅತ್ತೆಯದು. ನೀರು ತಣ್ಣಗಾಯಿತೇನೋ ಎಂದು ಅತ್ತೆಗೆ ದಿನಾ ಸಂಶ​ಯ, ಇಲ್ಲವೆಂದು ಸೊಸೆಗೆ ದಿನಾ ವಾದ. ಅದನ್ನು ಇಬ್ಬರೂ ಬಂದು ನನ್ನ ಹತ್ತಿರ ದೂರುತ್ತಿದ್ದರು. ಊರಿನಲ್ಲಿ ಬೇರೆಯವರ ಮಕ್ಕಳನ್ನು ಮೀಯಿಸಲು ಕರೆದರೆ ಮಾತ್ರ, ಸೊಂಟ ನೋವು ಎಂದು ಅತ್ತೆ ಹೋಗುತ್ತಿರಲಿಲ್ಲ. ಕಣ್ಣಿಲ್ಲದೆ ಹೊಲಿಗೆ ಹಾಕಿದ ಹಾಗೆ ಆಗ್ತದೆ ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದರು. ಪ್ರತಿ ಸಲವೂ ಸಿಸ್ಟರ್ ಎರಡು ನಳಿಗೆ ತರುತ್ತಿದ್ದರು. ಎರಡೂ ಒಂದೇ, ಎರಡೂ ಒಂದೇ. ಎಂಟನೆಯ ತಿಂಗಳಿಗೆ, "ಒಂದು ಸ್ವಲ್ಪ ಬೇರೆ ಉಂಟು, ಯಾವುದು ಅಂತ ಕೇಳ್ಬೇಡಿ," ಎಂದರು. ಆ ರಾತ್ರಿ ನಾನು ಮನೆಯಲ್ಲಿ ಪಾಯಸ ಮಾಡಿದೆ, ಯಾಕೆಂದು ಯಾರಿಗೂ ಹೇಳಲಿಲ್ಲ.

ಮೊನ್ನೆ ಮದ್ದು ಮುಗಿಯುವ ದಿನ ಬಂದರು. ಮಗು ಈಗ ಓಡುತ್ತದೆ, ನನ್ನ ಮೇಜಿನ ಕೆಳಗೆ ಹೋಗಿ ಚಪ್ಪಲಿ ಎಳೆಯುತ್ತಿತ್ತು. ಅತ್ತೆ ಕಣ್ಣು ಮುಚ್ಚಿ ಕೈ ಚಾಚಿದರು. ನಾನು ಕಿರುಬೆರಳಿನ ಕೆಳಗಿನ ಅಂಚಿಗೆ ಒಂದು ನಳಿಗೆ ಮುಟ್ಟಿಸಿದೆ.

"ಬಿಸಿ," ಎಂದರು.

ಇನ್ನೊಂದನ್ನು ಮುಟ್ಟಿಸಿದೆ.

"ತಣ್ಣಗೆ."

ಅಂದಾಜಿನಲ್ಲಿ ಹೇಳುತ್ತಿರಬಹುದು ಎಂದು ನನಗೆ ಅನುಮಾನ. ಸಿಸ್ಟರ್‌ಗೆ ಕಣ್ಣಿನಲ್ಲೇ ಹೇಳಿದೆ. ಅವರು ಬಿಸಿಯದನ್ನು ಚೆಲ್ಲಿ ಅದಕ್ಕೂ ತಣ್ಣೀರು ತುಂಬಿ ತಂದರು. ಒಂದಾದ ಮೇಲೆ ಒಂದು ಎರಡನ್ನೂ ಮುಟ್ಟಿಸಿದೆ. ಅತ್ತೆ ಮೂಗು ಕೆಂಪು ಮಾಡಿಕೊಂಡು ಕಣ್ಣು ತೆರೆದರು.

"ಎರಡೂ ತಣ್ಣಗೆ ಉಂಟು. ನನ್ನನ್ನು ಎಂತ ಮಂಗ ಮಾಡ್ತೀರಾ ಮಾರಾಯ್ರೆ?"

ಕಿರುಬೆರಳ ತುದಿ ಇನ್ನೂ ಸ್ವಲ್ಪ ಮಂದವಾಗಿದೆ, ಅದು ಹಾಗೇ ಉಳಿಯಬಹುದು. ನೀರಿಗೆ ಅದ್ದುವ ಅಂಚು ಮಾತ್ರ ಪೂರ್ತಿ ಎಚ್ಚರವಾಗಿತ್ತು. ನಾನು ಅದನ್ನೆಲ್ಲ ಗಟ್ಟಿಯಾಗಿ, ಎರಡು ಸಲ ಹೇಳಿದೆ. ಸಿಸ್ಟರ್ ಗೋಡೆ ಕಡೆ ತಿರುಗಿ ನಳಿಗೆಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆಯುತ್ತಿದ್ದರು.

ಸೊಸೆ ಬಗ್ಗಿ ಮೇಜಿನ ಕೆಳಗಿಂದ ಮಗುವನ್ನು ಎತ್ತಿ ಅತ್ತೆಯ ಮಡಿಲಲ್ಲಿ ಕೂರಿಸಿದಳು. "ನಾಳೆಯಿಂದ ನೀರು ನೀವೇ ನೋಡಿ ಅತ್ತೆ," ಎಂದಳು.

ಅತ್ತೆ ಮಗುವಿನ ಬೆನ್ನಿನ ಮೇಲೆ ಆ ಕೈಯ ಅಂಚನ್ನು ಇಟ್ಟು ನೋಡಿದರು. "ನಾಳೆ ಯಾಕೆ," ಎಂದು ಎದ್ದರು. "ಹನ್ನೆರಡೂವರೆ ಬಸ್ಸು ಸಿಕ್ಕಿದ್ರೆ ಇವತ್ತೇ ಮೀಯಿಸ್ತೇನೆ." ಚಪ್ಪಲಿ ಹಾಕಿಕೊಂಡು, ಮಗುವನ್ನು ಸೊಂಟಕ್ಕೆ ಏರಿಸಿ, ಸೊಸೆಯನ್ನು ಬೇಗ ಬಾ ಎಂದು ಗದರಿಸುತ್ತಾ ಮೆಟ್ಟಿಲು ಇಳಿದರು.